ಗಾಂಧಿನಗರದ ತಾಯ್ ಚಿ ಕ್ಲಾಸ್: ಅವ್ವನಿಗೆ ಹಿಡಿಸಿದೆ

ಬಳ್ಳಾರಿ ಗಾಂಧಿನಗರದ ಈ ಬೆಳಗಿನ ಕ್ಲಾಸಿಗೆ ನಮ್ಮವ್ವ ಹೋಗುತ್ತಾರೆ. ತಾಯ್ ಚಿ ಅಂದರೆ ನಿಧಾನವಾಗಿ ಮೈ ಆಡಿಸುವ ಚೀನಾದ ವ್ಯಾಯಾಮ. ಇಲ್ಲಿ 1956ರಲ್ಲಿ ಚೀನಾದಲ್ಲಿ ಜೋಡಿಸಿದ 24 ಭಂಗಿಗಳ ಸರಣಿ ಕಲಿಸುತ್ತಾರೆ. ಭಂಗಿ ಅಷ್ಟು ಕಷ್ಟ ಅಲ್ಲ, ಮುಂದಿನದು ಯಾವುದು ಅಂತ ನೆನಪಿಡೋದೇ ದೊಡ್ಡ ಕೆಲಸ. ಮಧ್ಯೆ ಮೇಷ್ಟ್ರು ಊರಿನ ಹೆಸರುಗಳನ್ನು ಹಿಂದುಮುಂದಾಗಿ ಹೇಳಿಸುತ್ತಾರೆ. ನನಗೆ ತುಂಬಾ ಇಷ್ಟವಾಗಿದ್ದು ಇದೇ. ಮರೆವು ಕಾಡುತ್ತಿದ್ದ ಹಿರಿಯರಿಗೆ ಅಮೆರಿಕದಲ್ಲಿ 24 ವಾರ ಹೀಗೇ ಮಾಡಿಸಿದ್ದರು. 2023ರಲ್ಲಿ ಫಲಿತಾಂಶ ಬಂತು: ಬರೀ ತಾಯ್ ಚಿ ಮಾಡಿದವರಿಗಿಂತಲೂ ಇವರ ನೆನಪು, ಯೋಚನೆಯ ಅಂಕ ಜಾಸ್ತಿ ಏರಿತ್ತು. ಹಾಗಂತ ಇದು ಡಾಕ್ಟರ ಔಷಧಿಗೆ ಬದಲಿ ಅಲ್ಲ.

ಎರಡು ಕೊರತೆ ಇವೆ. ಸುಸ್ತಾದವರಿಗೆ ಕುರ್ಚಿ ಇಲ್ಲ. ಬೇಸಿಗೆಯಲ್ಲೂ ಏಳಕ್ಕೆ ಶುರು ಮಾಡಿದರೆ ವಯಸ್ಸಾದವರು ನಮ್ಮೂರ ಬಿಸಿಲು ತಡೆಯೋದು ಹೇಗೆ? ದಯವಿಟ್ಟು ಆರಕ್ಕೇ ಶುರು ಮಾಡಿ.