ತೊೞಲರ ರಾಣಿಯನ್ನು ಬರೆದ ಮೂರು ಬಗೆ: ಪೆನ್ನು, ದನಿ, ಕೀಲಿಮಣೆ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನನಗೆ ಲೆಕ್ಕಪತ್ರದ ಕೆಲಸ. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಆರರ ತನಕ ಜಿಎಸ್‌ಟಿ, ಇನ್‌ವಾಯ್ಸು, ಡೆಲಿವರಿ ಚಲನ್ನು. ಉಳಿದ ಹೊತ್ತಿನಲ್ಲಿ ರಾಜ್ಯ ಕಟ್ಟುತ್ತೇನೆ, ಹಡಗು ಹಾರಿಸುತ್ತೇನೆ. ಒಂದೇ ಲೋಕದಲ್ಲಿ ನಡೆಯುವ ಮೂರು ಕಾದಂಬರಿ ಇಲ್ಲಿಯವರೆಗೆ ಬಂದಿವೆ. ಮೊದಲನೆಯದನ್ನು ಪೆನ್ನಿನಲ್ಲಿ ಬರೆದೆ, ಎರಡನೆಯದನ್ನು ಅರ್ಧ ಫೋನಿಗೆ ಹೇಳಿ ಬರೆಸಿದೆ, ಮೂರನೆಯದನ್ನು ಪೂರ್ತಿ ಕೀಲಿಮಣೆಯಲ್ಲಿ ಕುಟ್ಟಿದೆ. ಯಾವುದು ವಾಸಿ ಅಂತ ಹೊಸದಾಗಿ ಬರೆಯುವ ಹುಡುಗ ಹುಡುಗಿಯರು ಆಗಾಗ ಕೇಳುತ್ತಾರೆ. ಸಾಮಾಜಿಕ ಕಾದಂಬರಿ ಬರೆಯುವವರನ್ನು ಕೇಳಿದರೆ ಬೇರೆ ಉತ್ತರ ಸಿಕ್ಕೀತು. ನಮ್ಮ ಕಸುಬಿನಲ್ಲಿ ಇಲ್ಲದ ಪದಗಳನ್ನು ದಿನಾ ಬರೆಯಬೇಕು. ತಾಪತ್ರಯ ಶುರುವಾಗುವುದೇ ಅಲ್ಲಿಂದ.

ನನ್ನ ತಾಪತ್ರಯದ ಹೆಸರು 'ತೊೞಲರು'. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಕಲ್ಲೊಂದಿದೆಯಲ್ಲ, ಬೆಂಗಳೂರಿನ ಕಾಳಗದ ಮಾತು ಬರುವ ಶಾಸನ. ಆ ಕಾಳಗದಲ್ಲಿ ಸಾಯಬೇಕಿದ್ದ ಒಂದಿಷ್ಟು ಜನರನ್ನು ಯಾರೋ ಮೇಲಕ್ಕೆತ್ತಿಕೊಂಡು ಹೋದರು, ಅವರು ಇನ್ನೂ ನಕ್ಷತ್ರದಿಂದ ನಕ್ಷತ್ರಕ್ಕೆ ಅಲೆಯುತ್ತಿದ್ದಾರೆ ಅನ್ನುವುದು ನನ್ನ ಕಥೆ. ತೊೞಲ್ ಅಂದರೆ ಹಳಗನ್ನಡದಲ್ಲಿ ಅಲೆ, ತಿರುಗು. ಈಗಿನ ತೊಳಲಾಟ ಅದರದ್ದೇ ಕುಡಿ. ಸಾವಿರ ವರ್ಷದ ಹಿಂದೆಯೇ ಹೊರಟವರ ಬಾಯಲ್ಲಿ ನಾವು ಕಳೆದುಕೊಂಡ ೞ ಉಳಿದಿರಬೇಕು ತಾನೆ? ನಮ್ಮಲ್ಲಿ ಮೞೆ ಮಳೆಯಾಯಿತು, ಏೞು ಏಳಾಯಿತು. ತಮಿಳು, ಮಲಯಾಳಗಳಲ್ಲಿ ಆ ದನಿ ಈಗಲೂ ಬದುಕಿದೆ. ನನ್ನ ಪುಸ್ತಕದಲ್ಲಿ ಯಾರ ಬಾಯಲ್ಲಿ ೞ ಬರುತ್ತದೋ ಅವರು ಹಡಗಿನವರು, ಯಾರು ಳ ಅನ್ನುತ್ತಾರೋ ಅವರು ನೆಲದವರು. ಒಂದು ಅಕ್ಷರ ತಪ್ಪಿದರೆ ಗೂಢಚಾರ ಯಾರೆಂದು ಮೂವತ್ತು ಪುಟ ಮುಂಚೆಯೇ ಬಯಲಾಗುತ್ತದೆ.

ಮೊದಲ ಪುಸ್ತಕಕ್ಕೆ ಫುಲ್‌ಸ್ಕೇಪ್ ಹಾಳೆ, ಇಂಕ್ ಪೆನ್ನು. ಗವಿಪುರದ ನಮ್ಮ ಮನೆಯಲ್ಲಿ ರಾತ್ರಿ ಅಡುಗೆಮನೆ ಒರೆಸಿದ ಮೇಲೆ ಅಲ್ಲೇ ಕಟ್ಟೆಯ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದೆ. ಪೆನ್ನಿನ ಸುಖವೇ ಬೇರೆ. ೞ ಬೇಕೆಂದರೆ ೞ ಬರೆದರಾಯಿತು, ಯಾರನ್ನೂ ಕೇಳಬೇಕಿಲ್ಲ. ನಕ್ಷೆಯನ್ನು ಅದೇ ಹಾಳೆಯ ಅಂಚಿನಲ್ಲಿ ಗೀಚಬಹುದು. ಹೊಡೆದು ಹಾಕಿದ ಸಾಲು ಹೊಡೆದು ಹಾಕಿದಂತೆಯೇ ಕಣ್ಣಮುಂದೆ ಇರುತ್ತದೆ, ಮೂರು ದಿನ ಬಿಟ್ಟು ಅದೇ ಸರಿ ಅನ್ನಿಸಿದರೆ ವಾಪಸ್ ಕರೆಯಬಹುದು.

ಆದರೆ ಪ್ರಕಾಶಕರು ಟೈಪ್ ಮಾಡಿಸಿ ಕೊಡಿ ಅಂದರು. ಕಾಗದದ ಕಟ್ಟು ಹಿಡಿದುಕೊಂಡು ಚಾಮರಾಜಪೇಟೆಗೆ ಹೋದೆ. ಸಾಹಿತ್ಯ ಪರಿಷತ್ತಿನಿಂದ ಸ್ವಲ್ಪ ದೂರ, ಒಂದು ಮಹಡಿ ಮೆಟ್ಟಿಲು ಹತ್ತಿದರೆ ಡಿಟಿಪಿ ಅಂಗಡಿ. ಅಲ್ಲಿನ ಅಣ್ಣ ಪರದೆ ನೋಡದೆ ಬರೀ ಹಾಳೆ ನೋಡಿಕೊಂಡು ಟೈಪ್ ಮಾಡುತ್ತಿದ್ದರು. ಪುಟಕ್ಕೆ 20 ರೂಪಾಯಿ, ಪುಸ್ತಕ 240 ಪುಟ. ಒಟ್ಟು 4,800 ರೂಪಾಯಿ. ಪುಸ್ತಕದ ಬೆಲೆ 180, ನನಗೆ ಅದರಲ್ಲಿ ಹತ್ತು ಪರ್ಸೆಂಟು, ಅಚ್ಚಾದದ್ದು 500 ಪ್ರತಿ. ಎಲ್ಲ ಮಾರಾಟವಾದರೂ 9,000. ನಾನು ಲೆಕ್ಕದವಳು, ಇದನ್ನು ಎರಡು ಸಲ ಕೂಡಿಸಿ ನೋಡುವ ಅಗತ್ಯ ಬೀಳಲಿಲ್ಲ.

ಮೊದಲ ಪ್ರೂಫ್ ಬಂತು. ತೊೞಲರೆಲ್ಲ ತೊಳಲರಾಗಿದ್ದರು. ಹಡಗಿನವರು ನೆನಪುಗಳನ್ನು ತೆಳ್ಳಗಿನ ಪದರದಲ್ಲಿ ಸುತ್ತಿಡುತ್ತಾರೆ, ಅದಕ್ಕೆ ನಾನಿಟ್ಟ ಹೆಸರು ನೆನಪೊರೆ. ಅದು ಉದ್ದಕ್ಕೂ 'ನೆನಪಿನ ಹೊರೆ' ಆಗಿತ್ತು. ಕೇಳಿದರೆ ಅಣ್ಣನದು ಒಂದೇ ಮಾತು: "ಮೇಡಂ, ಇದು ತಪ್ಪೋ, ಬೇಕಂತ ಬರ್ದಿರೋದೋ, ನಂಗೆ ಹೆಂಗೆ ಗೊತ್ತಾಗ್ಬೇಕು?" ನ್ಯಾಯವಾದ ಪ್ರಶ್ನೆ. ಮೂರು ಸಲ ಕರಡು ತಿದ್ದಿದೆ. ಮೂರನೆಯ ಸಲ ಹೋದಾಗ ಅವರು ನನ್ನ ಕಡೆ ಹಾಳೆ ತಿರುಗಿಸಿ, "ಆ ಹುಡ್ಗ ಮುಂಚೆನೇ ಎಡಗೈ ಕಳ್ಕೊಂಡಿದ್ನಲ್ಲ, ಇಲ್ಲಿ ನೋಡಿದ್ರೆ ಎರಡು ಕೈಲೂ ಹುಟ್ಟು ಹಾಕ್ತಾವ್ನೆ" ಅಂದರು. ಹೌದು. ನಾನು ಆರು ಸಲ ಓದಿದ್ದೆ, ಪ್ರಕಾಶಕರು ಓದಿದ್ದರು, ಇಬ್ಬರು ಗೆಳತಿಯರು ಓದಿದ್ದರು. ಆ ಕೈ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 4,800ರಲ್ಲಿ ಒಂದು ಪಾಲು ಅದಕ್ಕೇ ಸಂದಿತು ಅಂದುಕೊಂಡೆ.

ಇನ್ನು ದನಿ. 2017ರ ಹೊತ್ತಿಗೆ ಫೋನುಗಳಿಗೆ ಕನ್ನಡದ ದನಿ ಟೈಪಿಂಗ್ ಬಂದಿತ್ತು. ಅದೇ ವರ್ಷ ಜೂನ್‌ನಲ್ಲಿ ಹಸಿರು ಮಾರ್ಗದ ಸುರಂಗ ತೆರೆದು, ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಪೀಣ್ಯದವರೆಗೆ ಒಂದೇ ರೈಲಿನಲ್ಲಿ ಹೋಗುವಂತಾಯಿತು. ಬಸ್ಸು ಬದಲಿಸುವ ರಗಳೆ ತಪ್ಪಿತು, ದಿನಕ್ಕೆ ಎರಡು ಸಲ ಕೈ ಬಿಡುವು, ಕಿವಿಗೆ ಇಯರ್‌ಫೋನು. ಮೆಲ್ಲಗೆ ಗುನುಗಿಕೊಂಡು ಹೋದರೆ ತಿಂಗಳಿಗೆ ನಾಲ್ಕು ಅಧ್ಯಾಯ ಅಂತ ಹಿಗ್ಗಿದೆ.

ಮೊದಲ ದಿನ ಹೇಳಿದ ವಾಕ್ಯ ಇನ್ನೂ ನೆನಪಿದೆ: 'ತೊೞಲರ ರಾಣಿ ಎದ್ದು ನಿಂತಳು.' ಪರದೆಯ ಮೇಲೆ ಬಂದದ್ದು: 'ತೊಳೆಯಲು ರಾಣಿ ಎದ್ದು ನಿಂತಳು.' ಎರಡು ನಕ್ಷತ್ರಮಂಡಲ ಆಳುವವಳು ಪಾತ್ರೆಗೆ ಎದ್ದಳು. ನಿಧಾನಕ್ಕೆ ಬಿಡಿಸಿ ಹೇಳಿದೆ, ಒತ್ತಿ ಹೇಳಿದೆ, ನಾಲಿಗೆ ಮಡಚಿ ಹೇಳಿದೆ. ರಾಣಿ ತೊಳೆಯುತ್ತಲೇ ಇದ್ದಳು. ಅದರ ತಪ್ಪಲ್ಲ ಬಿಡಿ. ಕೇಳಿದ ಸದ್ದಿಗೆ ಹತ್ತಿರದ ಪದಗಳಲ್ಲಿ ಜನ ಹೆಚ್ಚಾಗಿ ಬಳಸುವುದು ಯಾವುದೋ ಅದನ್ನು ಊಹಿಸಿ ಕೂರಿಸುವುದೇ ಆ ತಂತ್ರಾಂಶದ ಕೆಲಸ. ಕನ್ನಡದಲ್ಲಿ ಇದುವರೆಗೆ ಯಾರೂ ಬರೆಯದ ಪದ ಬರೆಯುವುದು ನನ್ನ ಕೆಲಸ. ಅದಕ್ಕೆ ಕನ್ನಡ ಬಂದಷ್ಟೂ ನನಗೆ ಕಷ್ಟ.

ಕೆ.ಆರ್. ಮಾರ್ಕೆಟ್ ಬರುವ ಮುಂಚೆ ರೈಲು ನೆಲದೊಳಗೆ ಇಳಿಯುತ್ತದೆ. ಚಿಕ್ಕಪೇಟೆ, ಮೆಜೆಸ್ಟಿಕ್ ದಾಟಿ ಸಂಪಿಗೆ ರಸ್ತೆಯ ಹತ್ತಿರ ಮೇಲೆ ಬರುತ್ತದೆ. ಅಷ್ಟು ಹೊತ್ತು ನನ್ನ ಫೋನಿಗೆ ನೆಟ್‌ವರ್ಕ್ ಇರಲಿಲ್ಲ, ಹೇಳಿದ್ದೆಲ್ಲ ಗಾಳಿಗೆ. ಹಾಗಾಗಿ ಯುದ್ಧಗಳೆಲ್ಲ ರಾಜಾಜಿನಗರದ ಆಚೆ ನಡೆದವು.

ಒಂದು ವಿಷಯಕ್ಕೆ ಮಾತ್ರ ದನಿಯನ್ನು ಹೊಗಳಲೇಬೇಕು: ಸಂಭಾಷಣೆ. ಬಾಯಲ್ಲಿ ಆಡಿದ್ದರಿಂದ ನೆಲದವರ ಮಾತು ಚುರುಕಾಯಿತು. ಪೆನ್ನಿನಲ್ಲಿ ಬರೆದ ಮೊದಲ ಪುಸ್ತಕದಲ್ಲಿ ಕಾವಲುಗಾರನೂ ಪಂಡಿತನ ಹಾಗೆ ಮಾತಾಡುತ್ತಿದ್ದ. ಇಲ್ಲಿ ಅವನು 'ಬಂದ್ಬುಟ್ಟ ನೋಡು' ಅನ್ನತೊಡಗಿದ. ಫೋನು ಅದನ್ನು 'ಬಂದು ಬಿಟ್ಟ ನೋಡು' ಅಂತ ತಿದ್ದಿ ಬರೆಯುತ್ತಿತ್ತು, ಆ ಮಾತು ಬೇರೆ. ವಿವರಣೆಯಂತೂ ದನಿಯಲ್ಲಿ ಸೊರಗಿ ಹೋಯಿತು. ಬಾಯಿಯಲ್ಲಿ ಹೇಳುವಾಗ ವಾಕ್ಯಗಳೆಲ್ಲ 'ಆಮೇಲೆ', 'ಆಮೇಲೆ' ಅಂತ ಒಂದರ ಬಾಲ ಒಂದು ಹಿಡಿದುಕೊಂಡು ಹೊರಟವು. ಅರ್ಧ ಪುಸ್ತಕಕ್ಕೆ ಕೈಬಿಟ್ಟೆ. ಬರೆದದ್ದಕ್ಕಿಂತ ತಿದ್ದಿದ್ದಕ್ಕೆ ಹೆಚ್ಚು ಸಂಜೆಗಳು ಹೋಗಿದ್ದವು.

ಕೀಲಿಮಣೆ ಕಲಿತದ್ದು ಆಗ. ಇಂಗ್ಲಿಷಿನಲ್ಲಿ ಉಚ್ಚಾರ ಹೊಡೆದು ಕನ್ನಡ ಬರಿಸುವ ಬಗೆಯನ್ನು ಒಂದು ತಿಂಗಳು ನೋಡಿದೆ, ಕೈಗೆ ಹತ್ತಲಿಲ್ಲ. ಡಿಟಿಪಿ ಅಣ್ಣ ಬಳಸುತ್ತಿದ್ದ ಕೀಲಿಮಣೆ ವಿನ್ಯಾಸವನ್ನೇ ಹಿಡಿದೆ, ಕೆ.ಪಿ. ರಾವ್ ಅವರು ರೂಪಿಸಿದ್ದು, 'ನುಡಿ' ತಂತ್ರಾಂಶದಲ್ಲಿ ಇರುವುದು. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ಕೂತಿದೆ. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕಾದಾಗ ನಡುವೆ ಎಫ್. ಮೂರು ವಾರಕ್ಕೆ ಬೆರಳು ತಾನೇ ಹೋಗತೊಡಗಿತು. ನನಗೆ ಹಿಡಿಸಿದ್ದು ವೇಗವಲ್ಲ. ಅದು ಏನನ್ನೂ ಊಹಿಸುವುದಿಲ್ಲ! ನೆನಪೊರೆ ಅಂತ ಒತ್ತಿದರೆ ನೆನಪೊರೆ. ಇದು ತಪ್ಪೋ ಬೇಕಂತಲೋ ಎಂದು ಕೇಳುವುದಿಲ್ಲ. ಅಂಥ ದಡ್ಡ ಸಹಾಯಕ ನನಗೆ ಅದುವರೆಗೆ ಸಿಕ್ಕಿರಲಿಲ್ಲ.

ೞ ಒಂದೇ ತಲೆನೋವು. ಅದನ್ನು ಯಾವ ಕೀಲಿಯಲ್ಲಿ ಅಡಗಿಸಿದ್ದಾರೋ ನನ್ನ ಕೈಗೆ ಸಿಗಲಿಲ್ಲ. ಯೂನಿಕೋಡಿನ, ಅಂದರೆ ಕಂಪ್ಯೂಟರಿಗೆ ಲೋಕದ ಲಿಪಿಗಳ ಅಕ್ಷರಗಳನ್ನು ಗುರುತಿಸಿಕೊಡುವ ವ್ಯವಸ್ಥೆಯ, ಪಟ್ಟಿಯಲ್ಲಿ ಹುಡುಕಿದರೆ ಇನ್ನೊಂದು ತಮಾಷೆ: ಅಲ್ಲಿ ಆ ಅಕ್ಷರದ ಅಧಿಕೃತ ಹೆಸರು 'ಕನ್ನಡ ಲೆಟರ್ ಫಾ'. ಅದಕ್ಕೂ ಫಾಕ್ಕೂ ಏನೇನೂ ಸಂಬಂಧವಿಲ್ಲ, ಶುದ್ಧ ತಪ್ಪು. ಆದರೆ ಒಮ್ಮೆ ಇಟ್ಟ ಹೆಸರನ್ನು ಬದಲಿಸಕೂಡದೆಂಬುದು ಅಲ್ಲಿನ ನಿಯಮ. ಆದ್ದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ಅಡ್ಡಹೆಸರಿನಂತೆ ಸೇರಿಸಿದ್ದಾರೆ. ಸಾವಿರ ವರ್ಷ ಅಲೆದವರ ಅಕ್ಷರಕ್ಕೆ ಇದಕ್ಕಿಂತ ತಕ್ಕ ಗತಿಯನ್ನು ನಾನೂ ಕಲ್ಪಿಸುತ್ತಿರಲಿಲ್ಲ.

ಕೊನೆಗೆ ಒಂದು ಉಪಾಯ ಮಾಡಿದೆ. ೞ ಬರಬೇಕಾದಲ್ಲೆಲ್ಲ @ ಒತ್ತುವುದು, ಪುಸ್ತಕ ಮುಗಿದ ಮೇಲೆ ಎಲ್ಲ @ಗಳನ್ನೂ ಒಂದೇ ಏಟಿಗೆ ೞ ಮಾಡಿಸುವುದು. ಒಂದೂವರೆ ವರ್ಷ ನನ್ನ ಕಡತದ ತುಂಬ ತೊ@ಲರು ಓಡಾಡಿದರು. ನಿಜ ಹೇಳಬೇಕೆಂದರೆ ಅವರು ಹಾಗೇ ಚೆನ್ನಾಗಿದ್ದರು.

ಬರೆದು ಮುಗಿಯಿತು. ಬದಲಿಸುವ ಗುಂಡಿ ಒತ್ತಿದೆ, ಒಂದು ಕ್ಷಣದಲ್ಲಿ ಎಲ್ಲ ೞ ಕೂತವು. ಚಾಮರಾಜಪೇಟೆಯ ಅಂಗಡಿಗೆ ಈಗ ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್ ಬಂದಿದೆ, ಯೂನಿಕೋಡ್ ಕಡತ ಹಾಗೇ ಹೋಗಿ ಕೂರುತ್ತದೆ, ಟೈಪಿಂಗಿನ ಖರ್ಚಿಲ್ಲ, ಪುಟವಿನ್ಯಾಸದ್ದಷ್ಟೇ. ಅಣ್ಣನಿಗೆ ಪೆನ್‌ಡ್ರೈವ್ ಕೊಡುವಾಗ ಕಟ್ಟುನಿಟ್ಟಾಗಿ ಹೇಳಿದೆ: ಇದರಲ್ಲಿ ವಿಚಿತ್ರ ಕಂಡದ್ದೆಲ್ಲ ಬೇಕಂತಲೇ ಬರೆದದ್ದು, ಒಂದಕ್ಷರವನ್ನೂ ಮುಟ್ಟಕೂಡದು. ಅವರು ತಲೆಯಾಡಿಸಿದರು. ಈ ಸಲ ಪ್ರೂಫ್ ನಾನೂ ಒಂದೇ ಸಲ ನೋಡಿದೆ, ಅದೂ ಕಥೆಯ ಪುಟಗಳನ್ನು ಮಾತ್ರ.

ಅಚ್ಚಾಗಿ ಬಂದ ಪುಸ್ತಕದ ಎರಡನೆಯ ಪುಟ, ಬೆಲೆ, ಹಕ್ಕು, ಪ್ರತಿಗಳ ಸಂಖ್ಯೆ ಇರುವ ಕಡೆ, ಲೇಖಕಿಯ ಇಮೇಲ್ ವಿಳಾಸವಿದೆ. ಅದರ ನಡುವೆ ಠೀವಿಯಿಂದ ಒಂದು ೞ. ಐನೂರು ಪ್ರತಿಯಲ್ಲೂ ಇದೆ. ಓದುಗರು ಬರೆಯಬೇಕೆಂದರೂ ಬರೆಯುವಂತಿಲ್ಲ. ಪುಸ್ತಕ ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋಗಿ ಆ ಪುಟ ತೆರೆದು ಅಣ್ಣನ ಮುಂದಿಟ್ಟೆ. ಕನ್ನಡಕ ಹಣೆಗೇರಿಸಿ ನೋಡಿದರು.

"ಕಂಡಿತ್ತು ಮೇಡಂ" ಅಂದರು. "ಬೇಕಂತ್ಲೇ ಹಾಕಿದೀರ ಅನ್ಕೊಂಡೆ."