‘ದ್ವೀಪದಲ್ಲಿ ಟೆಂಟ್’ ಅಂತ ಹಣ ಕೇಳಿದರೆ ಮೊದಲು ಇದನ್ನು ಓದಿ

ಮಲ್ಪೆ ಕಡೆ ಟ್ರಿಪ್ ಹೊರಡುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಸೇಂಟ್ ಮೇರೀಸ್ ದ್ವೀಪದಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ. ಹಗಲು ದೋಣಿಯಲ್ಲಿ ಹೋಗಿ ಸಂಜೆಯೊಳಗೆ ವಾಪಸ್ ಬರಬೇಕು. ಮಳೆಗಾಲದಲ್ಲಂತೂ ದೋಣಿಯೇ ಇಲ್ಲ. ಆದರೂ ‘ಐಲ್ಯಾಂಡ್ ಕ್ಯಾಂಪಿಂಗ್’ ಅಂತ ಜಾಹೀರಾತು ಹಾಕುವವರಿದ್ದಾರೆ. ಅಂಥವರೊಬ್ಬರಿಗೆ ನಮ್ಮ ಗುಂಪು ಪೂರ್ತಿ ಹಣ ಕಟ್ಟಿತ್ತು.

ದ್ವೀಪ ತೋರಿಸಿದರು, ಸುಳ್ಳು ಹೇಳಬಾರದು. ಕಲ್ಲಿನ ಕಂಬಗಳ ಮುಂದೆ ಫೋಟೊ ಆಯಿತು. ಸಂಜೆ ಎಲ್ಲರನ್ನೂ ದೋಣಿ ಹತ್ತಿಸಿದರು. ಟೆಂಟ್ ಎಲ್ಲಿ ಅಂತ ಕೇಳಿದರೆ, ‘ಅದು ದಡದಲ್ಲಿ ಸರ್, ಫೀಲ್ ಒಂದೇ’ ಅಂದ ಟ್ರಿಪ್ ಲೀಡರ್.

ಕರೆದುಕೊಂಡು ಹೋಗಿದ್ದು ಕೋಡಿ ಬೆಂಗ್ರೆ ಕಡೆ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಹೊಳೆ, ನಡುವೆ ಪಟ್ಟಿಯಂಥ ನೆಲ. ಜಾಗ ನಿಜಕ್ಕೂ ಚೆಂದ. ಆದರೆ ಟೆಂಟ್ ಹಾಕಿದ್ದು ಗಾಳಿ ಮರಗಳ ಹತ್ತಿರ ಅಲ್ಲ, ಅಲೆಯ ಎದುರಿಗೆ. ಫೋಟೊ ಚೆನ್ನಾಗಿ ಬರಲಿ ಅಂತ! ನಮ್ಮ ಹಿಂದೆ ಒಣಗಿದ ಪಾಚಿ, ತೆಂಗಿನ ಸಿಪ್ಪೆ, ಚಪ್ಪಲಿ, ಬಾಟಲಿಗಳ ಸಾಲು ಉದ್ದಕ್ಕೆ ಬಿದ್ದಿತ್ತು. ಉಬ್ಬರದ ನೀರು ಅಲ್ಲಿವರೆಗೆ ಬಂದು ಹೋಗಿದೆ ಅನ್ನುವುದಕ್ಕೆ ಅದೇ ಗುರುತು. ನಾವಿದ್ದದ್ದು ಆ ಸಾಲಿಗಿಂತ ಕೆಳಗೆ.

ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ನೋಡಿ, ‘ಇವತ್ತು ಹುಣ್ಣಿಮೆ ಅಲ್ವಾ ಮಾರಾಯ್ರೆ, ಇಲ್ಲಿ ಎಂತಕ್ಕೆ ಹಾಕಿದ್ದು? ನೀರು ಬರ್ತದೆ’ ಅಂದರು. ‘ದಿನಾ ಹಾಕ್ತೀವಿ ಅಜ್ಜ’ ಅಂತ ಲೀಡರ್ ನಕ್ಕುಬಿಟ್ಟ.

ನಡುರಾತ್ರಿ ಹೊತ್ತಿಗೆ ಬೆನ್ನಿನಡಿ ತಣ್ಣಗಾಯಿತು. ಟೆಂಟಿನ ತಳದ ಶೀಟು ನೀರಿನ ಮೇಲೆ ಹಾಸಿದ ಹಾಗೆ ಅಲುಗುತ್ತಿತ್ತು. ಜಿಪ್ ಹುಡುಕುವಷ್ಟರಲ್ಲಿ ಇನ್ನೊಂದು ಅಲೆ. ಮರಳಲ್ಲಿ ನೆಟ್ಟ ಗೂಟ ಕಿತ್ತು ಬಂತು, ಬಟ್ಟೆ ಮುಖದ ಮೇಲೆ ಬಿತ್ತು. ಪಕ್ಕದ ಟೆಂಟಿನಲ್ಲಿ ಚಿಕ್ಕ ಮಗು ಇತ್ತು. ಅದರ ಅಪ್ಪ ಟೆಂಟನ್ನು ಹರಿದೇ ಮಗುವನ್ನು ಹೊರಗೆ ತೆಗೆದರು. ಲೀಡರ್ ಎಲ್ಲಿ ಅಂತೀರಾ? ರಸ್ತೆಬದಿ ವ್ಯಾನಿನಲ್ಲಿ ನಿದ್ದೆ. ಬೆಳಗಾಗುವವರೆಗೆ ಗಾಳಿ ಮರಗಳ ಕೆಳಗೆ ಒದ್ದೆ ಬಟ್ಟೆಯಲ್ಲಿ ಕೂತಿದ್ದೆವು. ನುಸಿ ಕಚ್ಚಿದ್ದು ಬೇರೆ, ಆ ಗುಳ್ಳೆಗಳನ್ನು ಕೆರೆದು ಕೆರೆದು ಕೆಲವರಿಗೆ ಕೀವಾಯಿತು. ಹಣ ವಾಪಸ್ ಕೇಳಿದ್ದಕ್ಕೆ ‘ಐಲ್ಯಾಂಡ್ ತೋರಿಸಿದ್ವಲ್ಲ’ ಅಂದರು.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ಜಾಸ್ತಿ. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ. ಹಾಗಾಗಿ ನಿನ್ನೆ ಇದೇ ಹೊತ್ತಿಗೆ ಏನೂ ಆಗಿರಲಿಲ್ಲ ಅನ್ನುವ ಮಾತು ನಂಬಬೇಡಿ. ಉಬ್ಬರದ ಸಮಯ ಫೋನಿನಲ್ಲೇ ಸಿಗುತ್ತದೆ. ಅದಕ್ಕಿಂತ ಒಳ್ಳೆಯದು, ಅಲ್ಲಿನ ಮೀನುಗಾರರನ್ನು ಕೇಳುವುದು. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರವಂತೂ ಕಾಲು ತೊಳೆಯುವುದಕ್ಕೂ ರಾತ್ರಿ ಇಳಿಯಬೇಡಿ, ಸೆಳೆತ ಜೋರಾಗಿರುತ್ತದೆ.

ಹಣ ಕೊಡುವ ಮೊದಲು ಟೆಂಟ್ ಹಾಕುವ ಜಾಗದ ಲೊಕೇಶನ್ ಕಳಿಸಿ ಅನ್ನಿ. ಆ ಜಾಗ ಯಾರದ್ದು, ಅನುಮತಿ ಇದೆಯಾ, ರಾತ್ರಿ ಜೊತೆಗೆ ಯಾರಿರುತ್ತಾರೆ ಅಂತ ಬರಹದಲ್ಲೇ ಕೇಳಿ. ‘ಬನ್ನಿ ಸರ್, ಬಂದ ಮೇಲೆ ನೋಡೋಣ’ ಅಂದರೆ ಬಿಟ್ಟುಬಿಡಿ. ಆ ಕಡೆ ಹೋಂಸ್ಟೇಗಳಿವೆ, ಅಂಗಳದಲ್ಲೇ ಟೆಂಟ್ ಹಾಕಿಕೊಡುತ್ತಾರಾ ಅಂತ ವಿಚಾರಿಸಿ.