ಕಾರ್ಬನ್ ಕರಾರಿಗೆ ಸಹಿ ಹಾಕುವ ಮುನ್ನ ಅನುಬಂಧದ ಹಾಳೆಯನ್ನು ಓದಿ

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆ ಬೀಳು ಬಿದ್ದ ಗದ್ದೆಗಳಿರುವವರ ಮನೆಗೆ ಈಗೀಗ ಕಾರ್ಬನ್ ಕಂಪನಿಯ, ಅಂದರೆ ಮರಗಳು ಗಾಳಿಯಿಂದ ಹೀರಿಕೊಂಡ ಇಂಗಾಲವನ್ನು ‘ಕ್ರೆಡಿಟ್’ ಎಂಬ ಲೆಕ್ಕದಲ್ಲಿ ಮಾರುವ ಕಂಪನಿಯ, ಪ್ರತಿನಿಧಿಗಳು ಬರತೊಡಗಿದ್ದಾರೆ. ಪಾಳು ಜಮೀನಿನಲ್ಲಿ ಕಾಡು ಬೆಳೆಸಿ, ಹವಾಮಾನ ಬದಲಾವಣೆ ತಡೆಯಲು ಕೈಜೋಡಿಸಿ, ಎಕರೆಗೆ ಇಷ್ಟೆಂದು ವರ್ಷ ವರ್ಷ ಹಣ ಪಡೆಯಿರಿ ಎಂಬುದು ಅವರ ಮಾತಿನ ಸಾರ. ಅಂತಹ ಒಂದು ಕಂಪನಿಯೊಡನೆ ಮಾಡಿಕೊಂಡ ಕರಾರಿನಿಂದಾಗಿ, ನಮ್ಮ ತಂದೆಯವರು ನೆಟ್ಟು ಬೆಳೆಸಿದ ಸಿಲ್ವರ್ (ಸಿಲ್ವರ್ ಓಕ್) ಮರಗಳನ್ನು ಇಂದು ನಾವೇ ಮಾರಲಾಗದಂತಾಗಿದೆ. ವಿಷಯ ವಕೀಲರ ಬಳಿ ಇರುವುದರಿಂದ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ; ಕರಾರಿನ ಒಳಗೆ ಏನಿತ್ತು ಎಂಬುದನ್ನು ಮಾತ್ರ ಬರೆಯುತ್ತೇನೆ.

ಆಲೂರು ತಾಲ್ಲೂಕಿನ ನಮ್ಮ ಗದ್ದೆ ಬಯಲು ಆನೆ ಕಾಟದಿಂದಲೂ ಆಳುಗಳು ಸಿಗದೆಯೂ ಬೀಳು ಬಿದ್ದಿತ್ತು. ಬಂದ ಪ್ರತಿನಿಧಿ ಜಗುಲಿಯಲ್ಲಿ ಕುಳಿತು, “ಗೌಡ್ರೇ, ಜಮೀನು ನಿಮ್ದೇ, ಮರಾನೂ ನಿಮ್ದೇ, ನಾವು ತಗೊಳ್ಳೋದು ಗಾಳಿ ಮಾತ್ರ” ಎಂದರು. ಕೈಗೆ ಕೊಟ್ಟ ಕರಪತ್ರ ಕನ್ನಡದಲ್ಲಿತ್ತು, ಕರಾರು ಇಂಗ್ಲಿಷಿನಲ್ಲಿತ್ತು, ಮತ್ತು ಎರಡರಲ್ಲಿ ಇದ್ದದ್ದು ಒಂದೇ ಅಲ್ಲ. ಮಾಲೀಕತ್ವದ ಪುರಾವೆಗೆಂದು ನಮ್ಮ ಎಲ್ಲ ಸರ್ವೆ ನಂಬರುಗಳ ಪಹಣಿಯನ್ನೂ ಕೇಳಿ ಪಡೆದರು. ಗಿಡ ನೆಡುವುದು ಗದ್ದೆಯಲ್ಲಿ ಮಾತ್ರ ಎಂದು ಮಾತಾಗಿದ್ದರೂ, ಕರಾರಿನ ಕೊನೆಯ ಅನುಬಂಧದಲ್ಲಿ ಕಾಫಿ ತೋಟದ ನಂಬರುಗಳೂ ಸೇರಿಕೊಂಡಿದ್ದವು.

ಸಸಿಗಳು ಬಂದದ್ದು ನವೆಂಬರಿನಲ್ಲಿ. ಜೂನ್ ಮಳೆ ಹಿಡಿದ ಮೇಲೆ ಗಿಡ ನೆಡಬೇಕೆಂಬುದು ಮಲೆನಾಡಿನಲ್ಲಿ ಹೇಳಿಕೊಡಬೇಕಾದ ಸಂಗತಿಯಲ್ಲ. ಆದರೆ ಆರ್ಥಿಕ ವರ್ಷ ಮುಗಿಯುವುದರೊಳಗೆ ಇಷ್ಟು ಎಕರೆ ತೋರಿಸಬೇಕೆಂಬ ಆತುರ ಅವರಿಗಿತ್ತೆಂದು ಕಾಣುತ್ತದೆ. ಹೆಬ್ಬೇವು, ಮಹಾಗನಿ, ನೇರಳೆಯ ಸಸಿಗಳು ಪಾಲಿಥಿನ್ ಚೀಲದಲ್ಲಿ ಬಹಳ ಕಾಲ ಉಳಿದು ಬೇರು ತಳದಲ್ಲಿ ಸುರುಳಿ ಸುತ್ತಿಕೊಂಡಿದ್ದವು. ಚೀಲ ಹರಿದರೆ ಮಣ್ಣು ಉದುರಿ ಬೇರಿನ ಗಂಟು ಮಾತ್ರ ಕೈಯಲ್ಲಿ ಉಳಿಯುತ್ತಿತ್ತು. ಗುಂಡಿ ಗುಂಡಿಗೂ ಮೊಬೈಲಿನಲ್ಲಿ ಫೋಟೊ ತೆಗೆದು ಸ್ಥಳ ಗುರುತು ಹಾಕಿಕೊಂಡು ಹೋದರು. ಬೇಸಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಣಗಿದವು. ಉಳಿದವುಗಳಲ್ಲಿ ಬಹುಪಾಲು ಮುಂದಿನ ಜುಲೈನಲ್ಲಿ ಗದ್ದೆಯಲ್ಲಿ ನಿಂತ ನೀರಿಗೆ ಕೊಳೆತವು. ಸತ್ತ ಗಿಡದ ಜಾಗಕ್ಕೆ ಬೇರೆ ಗಿಡ ಹಾಕುವ ಖರ್ಚು ಜಮೀನುದಾರನದು ಎಂಬ ಷರತ್ತನ್ನು ಆಗ ಅವರೇ ತೆಗೆದು ತೋರಿಸಿದರು.

ಮೊದಲ ವರ್ಷದ ಹಣ ಹೇಳಿದಂತೆ ಖಾತೆಗೆ ಬಂದಿತ್ತು. ಎರಡನೆಯ ವರ್ಷ ಅರ್ಧ ಬಂತು, ಆಮೇಲೆ ನಿಂತಿತು. ಅಲ್ಲಿಯವರೆಗೆ ಕೊಟ್ಟದ್ದು ಬಾಡಿಗೆಯಲ್ಲ, ಮುಂದೆ ಹುಟ್ಟುವ ಕ್ರೆಡಿಟ್ಟುಗಳ ಮೇಲಿನ ಮುಂಗಡ ಎಂದು ಕಂಪನಿ ಪತ್ರ ಬರೆಯಿತು. ಇದರ ಲೆಕ್ಕ ಕಷ್ಟದ್ದಲ್ಲ, ಎಲ್ಲರೂ ತಿಳಿದಿರುವುದು ಒಳ್ಳೆಯದು. ಒಂದು ಕ್ರೆಡಿಟ್ ಎಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್. ಮರದ ಒಣ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವಿರುತ್ತದೆ, ಅದನ್ನು 3.67ರಿಂದ ಗುಣಿಸಿದರೆ ಆ ಮರ ಗಾಳಿಯಿಂದ ಹೀರಿಕೊಂಡ ಡೈಆಕ್ಸೈಡಿನ ತೂಕ ಸಿಗುತ್ತದೆ. ಬೇರೂ ಸೇರಿ 100 ಕಿಲೋ ಒಣ ತೂಕವಿರುವ ಮರಕ್ಕೆ ಇದು ಸುಮಾರು 183 ಕಿಲೋ ಆಗುತ್ತದೆ, ಅಂದರೆ ಅಂತಹ ಐದಾರು ಮರಗಳು ಬೆಳೆದು ನಿಂತ ಮೇಲೆ ಒಂದು ಕ್ರೆಡಿಟ್. ಮೊಣಕಾಲುದ್ದದ ಸಸಿಯಲ್ಲಿ ಮಾರುವಷ್ಟು ಇಂಗಾಲವೇ ಇರುವುದಿಲ್ಲ. ಅದರ ಮೇಲೆ ಯೋಜನೆ ನೋಂದಣಿಯಾಗಬೇಕು, ಹೊರಗಿನ ಪರಿಶೀಲಕರು ಬಂದು ಮರಗಳ ಸುತ್ತಳತೆ ತೆಗೆದು ಒಪ್ಪಬೇಕು, ಬೆಂಕಿ ಬಿದ್ದೀತು, ಗಾಳಿಗೆ ಮರ ಉರುಳೀತು ಎಂದು ಕ್ರೆಡಿಟ್ಟುಗಳಲ್ಲಿ ಒಂದು ಪಾಲನ್ನು ತೆಗೆದಿಡಬೇಕು. ಆದುದರಿಂದ ಮೊದಲ ವರ್ಷದಿಂದಲೇ ಕೈಗೆ ಬರುವ ಹಣ ಇಂಗಾಲ ಮಾರಿ ಬಂದದ್ದಾಗಿರಲು ಸಾಧ್ಯವಿಲ್ಲ. ಆ ಹಣದ ಬಾಬತ್ತು ಏನೆಂದು ಕರಾರಿನಲ್ಲಿ ಬರೆದಿರುವುದನ್ನೇ ನೋಡಬೇಕು, ಬಾಯಿಮಾತನ್ನಲ್ಲ.

ಹಣ ನಿಂತದ್ದನ್ನು ಹೇಗೋ ಸಹಿಸಿಕೊಳ್ಳಬಹುದಿತ್ತು. ಕಳೆದ ವರ್ಷ ಮನೆಯಲ್ಲಿ ಒಂದು ಮದುವೆಯ ಖರ್ಚಿಗೆಂದು ತೋಟದ ಸಿಲ್ವರ್ ಮರಗಳನ್ನು ವ್ಯಾಪಾರ ಮಾಡಿದೆವು. ಈ ಸೀಮೆಯಲ್ಲಿ ಸಿಲ್ವರ್ ಎಂದರೆ ಮೆಣಸಿನ ಬಳ್ಳಿಗೆ ಆಸರೆ, ಕಾಫಿಗೆ ನೆರಳು, ಕಷ್ಟಕಾಲಕ್ಕೆ ದುಡ್ಡು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿಯೂ ಈ ಮರ ಕಡಿಯಲು ಅನುಮತಿಯಿಂದ ವಿನಾಯಿತಿ ಇದೆ. ಸರ್ಕಾರ ಬೇಡವೆನ್ನದ ಮರಕ್ಕೆ ಕಂಪನಿಯಿಂದ ನೋಟಿಸ್ ಬಂತು: ಅನುಬಂಧದ ಸರ್ವೆ ನಂಬರುಗಳಲ್ಲಿರುವ ಯಾವ ಮರವನ್ನೂ 40 ವರ್ಷ ಕಡಿಯುವಂತಿಲ್ಲ, ಕರಾರು ಮುರಿದರೆ ಮುಂಗಡವನ್ನು ಬಡ್ಡಿ ಸಹಿತ ಕಟ್ಟುವುದಲ್ಲದೆ ಮುಂದೆ ಬರಬಹುದಾಗಿದ್ದ ಕ್ರೆಡಿಟ್ಟುಗಳ ಬೆಲೆಯನ್ನೂ ತುಂಬಿಕೊಡಬೇಕು. ಮರದ ವ್ಯಾಪಾರಿ ಕೊಟ್ಟಿದ್ದ ಅಡ್ವಾನ್ಸ್ ವಾಪಸ್ ಪಡೆದು ಹೋದ. ಕೊಂಬೆ ಕಡಿಯಲೂ ಲಿಖಿತ ಒಪ್ಪಿಗೆ ಬೇಕೆಂದು ಅದೇ ಕರಾರು ಹೇಳುತ್ತದೆ. ಪ್ರತಿವರ್ಷ ಮಳೆಗಾಲಕ್ಕೆ ಮುಂಚೆ ಮರಗಸಿ (ನೆರಳು ಮರಗಳ ಕೊಂಬೆ ಸವರುವ ಕೆಲಸ) ಮಾಡದಿದ್ದರೆ ಕಾಫಿ ಉಳಿಯುವುದಿಲ್ಲ ಎಂಬುದನ್ನು ಅರಿಯದವರು ಬರೆದ ಷರತ್ತು ಇದು. ಮೊದಲೇ ಇದ್ದ ಮರಗಳಿಗೆ ಹೊಸ ನೆಡುತೋಪಿನ ಕ್ರೆಡಿಟ್ ಸಿಗುವುದೇ ಇಲ್ಲ. ಹಾಗಿದ್ದೂ ತೋಟವನ್ನು ಸೇರಿಸಿದ್ದು ಹೂಡಿಕೆದಾರರಿಗೆ ಹೆಚ್ಚು ಎಕರೆ ತೋರಿಸಲಿಕ್ಕೇ ಇರಬೇಕೆಂಬುದು ನನ್ನ ಊಹೆ.

ದೀರ್ಘ ಅವಧಿ ಎನ್ನುವುದೇ ಮೋಸವಲ್ಲ. ಮರದಲ್ಲಿ ಸೇರಿದ ಇಂಗಾಲ ಮರದಲ್ಲಿಯೇ ಉಳಿದರೆ ಮಾತ್ರ ಹವಾಮಾನಕ್ಕೆ ಪ್ರಯೋಜನ. ಹವಾಮಾನ ಕುರಿತ ಅಂತರರಾಷ್ಟ್ರೀಯ ಕ್ಯೋಟೊ ಒಪ್ಪಂದದಡಿಯ ಅರಣ್ಯೀಕರಣ ಯೋಜನೆಗಳಿಗೂ ಒಂದೇ ಅವಧಿಯಾದರೆ 30 ವರ್ಷ, ನವೀಕರಿಸುತ್ತ ಹೋದರೆ 60 ವರ್ಷದವರೆಗೆ ಅವಕಾಶವಿತ್ತು. ಆದರೆ ಶುಂಠಿಗೆ ಗದ್ದೆ ಕೊಟ್ಟು ವರ್ಷ, ಒಂದೂವರೆ ವರ್ಷದಲ್ಲಿ ಬಿಡಿಸಿಕೊಳ್ಳುವ ರೂಢಿಯಿರುವ ನಮ್ಮ ಕಡೆ, ಮೊಮ್ಮಕ್ಕಳ ಕಾಲದವರೆಗೆ ನಡೆಯುವ ಕರಾರನ್ನು ಒಂದು ಸಂಜೆಯ ಮಾತಿನಲ್ಲಿ ಮುಗಿಸುವುದು ಸರಿಯಲ್ಲ.

ಇದು ಕೇಂದ್ರ ಸರ್ಕಾರದ ಗ್ರೀನ್ ಕ್ರೆಡಿಟ್ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2023ರಲ್ಲಿ ಪ್ರಕಟವಾದ ಆ ಕಾರ್ಯಕ್ರಮದ ಗಿಡ ನೆಡುವ ಭಾಗ ಆರಂಭವಾದದ್ದು ಅರಣ್ಯ ಇಲಾಖೆಯ ಸುಪರ್ದಿನಲ್ಲಿರುವ ಹಾಳಾದ ಕಾಡುಗಳಿಗಾಗಿ, ಖಾಸಗಿ ಗದ್ದೆಗಳಿಗಾಗಿ ಅಲ್ಲ. ಗಿಡ ಬೆಳೆಸಿದ್ದಕ್ಕೆ ಸರ್ಕಾರದ ಹಣವೇ ಬೇಕೆಂದರೆ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಇದೆ: ಇಲಾಖೆಯ ನರ್ಸರಿಯಿಂದ ಸಸಿ ತಂದು ನೆಟ್ಟರೆ, ಬದುಕಿದ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50 ರೂಪಾಯಿ ಪ್ರೋತ್ಸಾಹಧನ. ದೊಡ್ಡ ಮೊತ್ತವೇನಲ್ಲ, ಆದರೆ ಬೆಳೆದ ಮರ ನಿಮ್ಮದಾಗಿಯೇ ಉಳಿಯುತ್ತದೆ.

ಕಂಪನಿಯವರೊಡನೆಯೇ ಮುಂದುವರಿಯುವುದಾದರೆ ಪೂರ್ತಿ ಕರಾರಿನ ಕನ್ನಡ ಪ್ರತಿಯನ್ನು ಕೇಳಿ, ವಿವಾದ ಬಂದಾಗ ಕನ್ನಡ ಪ್ರತಿಯೂ ಮಾನ್ಯ ಎಂದು ಬರೆಸಿಕೊಳ್ಳಿ. ಗಿಡ ನೆಡುವ ಗದ್ದೆಯ ಪಹಣಿಯನ್ನಲ್ಲದೆ ಬೇರೆ ಯಾವ ಪಹಣಿಯನ್ನೂ ಕೊಡಬೇಡಿ, ಅನುಬಂಧದ ಪ್ರತಿ ಹಾಳೆಗೂ ಸಹಿ ಹಾಕುವ ಮೊದಲು ಸರ್ವೆ ನಂಬರುಗಳನ್ನು ಒಂದೊಂದಾಗಿ ತಾಳೆ ನೋಡಿ. ಯೋಜನೆಯು ಕಾರ್ಬನ್ ಯೋಜನೆಗಳನ್ನು ದಾಖಲಿಸುವ ವೆರಾ ಅಥವಾ ಗೋಲ್ಡ್ ಸ್ಟ್ಯಾಂಡರ್ಡ್ ಸಂಸ್ಥೆಯಲ್ಲಿ ನೋಂದಣಿಯಾಗಿದೆ ಎಂದರೆ ಅದರ ಸಂಖ್ಯೆ ಕೇಳಿ. ಆ ಪಟ್ಟಿಗಳು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿವೆ. ಖಾತೆ ಜಂಟಿಯಾಗಿದ್ದರೆ ಅಣ್ಣತಮ್ಮಂದಿರೆಲ್ಲ ಓದಿದ ಮೇಲೆಯೇ ಸಹಿಯ ಮಾತು.

ಈ ಭಾಗದಲ್ಲಿ ಜಮೀನು ಕೊಳ್ಳುವವರಿಗೂ ಒಂದು ಮಾತು ಹೇಳಬೇಕು. ಜಮೀನು ಮಾರಿದರೆ ಕೊಂಡವರೂ ಕರಾರಿಗೆ ಬದ್ಧರು ಎಂದು ನಮ್ಮ ಕರಾರಿನಲ್ಲಿದೆ, ಆದರೆ ಅದು ಛಾಪಾ ಕಾಗದದ ಮೇಲೆ ನೋಟರಿ ಮಾಡಿಸಿದ್ದೇ ಹೊರತು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದದ್ದಲ್ಲ. ಹೀಗಾಗಿ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಅದರಲ್ಲಿ ಈ ಕರಾರಿನ ಸುಳಿವೇ ಇರುವುದಿಲ್ಲ. ಮಾರುವವರು ಇಂತಹ ಕರಾರು ಮಾಡಿಕೊಂಡಿದ್ದಾರೆಯೇ ಎಂದು ನೇರವಾಗಿ ಕೇಳಿ, ಮಾಡಿಕೊಂಡಿಲ್ಲವೆಂಬ ಮಾತನ್ನು ಕ್ರಯಪತ್ರದಲ್ಲಿಯೇ ಬರೆಸಿಕೊಳ್ಳಬೇಕು.